ಸದ್ದಿಲ್ಲದೆ ನಿಂತ ಪಂಪು

ರಾಯಚೂರಿನ ಮಾನ್ವಿ ರಸ್ತೆಯ ಗಾಡಿ ರಿಪೇರಿ ಶೆಡ್ಡಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಸರ್ವರಿ ಬೇಗಂ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದ್ದಾರೆ. ಆಯಿಲ್ ಪಂಪಿನ ಸದ್ದು ಹುಡುಕುತ್ತಿದ್ದಾರೆ. "ಗಂಟಲ್ದಾಗ ನೀರಿಳಿದಂಗ ಕೇಳ್ತದ್ರೀ. ಅದು ನಿಂತ್ರ ಎಂಜಿನ್ ಮುಗೀತು."

ಲಾರಿ ಮಿಸ್ತ್ರಿಯಾಗಿದ್ದ ತಂದೆಯ ಕಣ್ಣು ಮಂಜಾದಾಗ ನಟ್ಟು ಬಿಚ್ಚುವ ಪಾನಾ ಮಗಳ ಕೈಗೆ ಬಂತು. "ಹೆಣ್ಮಗಳು ಎಂಜಿನ್ ಬಿಚ್ತಾಳಂದ್ರ ಬಂದ ಗಾಡಿ ಹಂಗ ಹೊಳ್ಳಿ ಹೋಗ್ತಿದ್ವು" ಎಂದು ನಗುತ್ತಾರೆ. ಈಗ ದೇವದುರ್ಗದ ಕಡೆಯಿಂದಲೂ ಭಾರೀ ವೇಗದ ಕಾರುಗಳು ಇಲ್ಲಿಗೇ ಬರುತ್ತವೆ. ಅವುಗಳ ಕಾಯಿಲೆ ವಿಚಿತ್ರ. ಪಂಪು ನಿಂತ ಮೇಲೂ ಎಂಜಿನ್ ಸ್ವಲ್ಪ ಹೊತ್ತು ನುಣ್ಣಗೆ ಓಡುತ್ತದೆ, ಎಣ್ಣೆಯಿಲ್ಲದೆ ಒಳಗೊಳಗೇ ಸುಡುತ್ತದೆ. ಆಮೇಲೆ ಒಮ್ಮೆಲೇ ಬಿಗಿದುಕೊಳ್ಳುತ್ತದೆ.

ಹೋದ ಚಳಿಗಾಲದಲ್ಲಿ ಮಾನ್ವಿಯ ರೈಸ್‌ಮಿಲ್ ಮಾಲೀಕ ವಿರೂಪಣ್ಣನವರ ಕಾರಿಗೆ ಸರ್ವರಿ ಹೊಸ ಪಂಪು ಕೂರಿಸಿದ್ದರು. ಪರೀಕ್ಷೆಗೆಂದು ಬೆಳಗಿನ ಜಾವ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಹಿರೇಕೊಟ್ನೆಕಲ್ ಹತ್ತಿರ ದಟ್ಟ ಮಂಜು. ಇದ್ದಕ್ಕಿದ್ದಂತೆ ಪಂಪಿನಿಂದ ಎಣ್ಣೆ ಬರುತ್ತಿಲ್ಲವೆಂದು ಎಚ್ಚರಿಸುವ ಕೆಂಪು ದೀಪ ಹತ್ತಿಕೊಂಡಿತು.

"ಸದ್ದು ಚೊಲೋ ಅದ, ಹೊಡಿಯವ್ವಾ" ಎಂದರು ವಿರೂಪಣ್ಣ.

"ಇಲ್ರೀ ಸಾವುಕಾರ್ರೇ" ಎಂದವರೇ ಸರ್ವರಿ ಎಂಜಿನ್ ಆರಿಸಿಬಿಟ್ಟರು.

ಸ್ಟೇರಿಂಗು ಕಲ್ಲಿನಂತೆ ಭಾರವಾಯಿತು. ಕಾರು ಮಂಜಿನೊಳಗೆ ಸದ್ದಿಲ್ಲದೆ ಉರುಳಿ ನಿಂತಿತು. ಆ ಮೌನದಲ್ಲಿ ಮುಂದೆಲ್ಲಿಂದಲೋ ಕ್ಷೀಣ ದನಿ: "ಯಪ್ಪಾ... ಯಾರರ ಬರ್ರೀ..."

ಇಳಿದು ನೋಡಿದರೆ ರಸ್ತೆಯ ಮೇಲೆಲ್ಲ ಬೆಳ್ಳಗೆ ಮಲಗಿದಂಥ ಆಕಾರಗಳು. ಹತ್ತಿಯ ಗಂಟುಗಳು. ಮುಂದೆ ಹೋಗಿಬಿಟ್ಟ ಟ್ರ್ಯಾಕ್ಟರಿನಿಂದ ಕಳಚಿ ಮಗುಚಿದ ಟ್ರಾಲಿ ಅಡ್ಡ ಬಿದ್ದಿತ್ತು. ಗಂಟುಗಳ ನಡುವೆ, ಕಾಲು ಮುರಿದು ಏಳಲಾಗದೆ, ಟ್ರಾಲಿಯಲ್ಲಿ ಬರುತ್ತಿದ್ದ ಕೂಲಿಯ ಹನುಮಂತಮ್ಮ ಬಿದ್ದಿದ್ದರು. ಇಬ್ಬರೂ ಸೇರಿ ಅವರನ್ನು ಬದಿಗೆ ಎತ್ತಿ ತಂದು ಆಂಬುಲೆನ್ಸಿಗೆ ಫೋನ್ ಮಾಡಿದರು. ಹನುಮಂತಮ್ಮ ಬದುಕಿದರು. ಈಗ ಮತ್ತೆ ಹತ್ತಿ ಬಿಡಿಸಲು ಹೋಗುತ್ತಾರೆ.

ಕಾರನ್ನು ಶೆಡ್ಡಿಗೆ ಎಳೆಸಿ ತಂದು ಪಂಪು ಬಿಚ್ಚಿದರೆ ಒಂದು ಗೀರೂ ಇಲ್ಲ. ಎಣ್ಣೆ ತುಂಬಿದೆ, ಅದು ಹರಿಯುವ ದಾರಿ ಶುಭ್ರವಾಗಿದೆ, ದೀಪದ ವೈರೂ ಸರಿಯಿದೆ. "ಜೀವ ಉಳಿಸಿದ ಪಂಪು, ಅದನ್ನ ಇರಲಿ ಬಿಡವ್ವಾ" ಎಂದರಂತೆ ವಿರೂಪಣ್ಣ. ಸರ್ವರಿ ಒಪ್ಪಲಿಲ್ಲ, ಬೇರೆ ಪಂಪು ಹಾಕಿಯೇ ಕಾರು ಕೊಟ್ಟರು. "ಯಾಕ ನಿಂತಿತು ಅಂತ ತಿಳೀಲಿಲ್ಲ ಅಂದಮ್ಯಾಲ, ಅದನ್ನ ಹ್ಯಾಂಗ ನಂಬಲಿ?"

ಆ ಪಂಪು ಇವತ್ತಿಗೂ ಅವರ ಮೇಜಿನ ಮೇಲಿದೆ. ಬೆರಳಿನಿಂದ ತಿರುಗಿಸಿ ತೋರಿಸುತ್ತಾರೆ. "ನೋಡ್ರಿ, ಎಷ್ಟು ಚಂದ ತಿರುಗ್ತದ. ಅದಕ್ಕ ಅಂಜಿಕಿ ಬರ್ತದ."

ದೇವರೇ ನಿಲ್ಲಿಸಿದ ಎಂದು ಊರವರು ಹೇಳುತ್ತಾರಲ್ಲ ಎಂದರೆ ಸರ್ವರಿ ಕೈಯ ಎಣ್ಣೆ ಒರೆಸಿಕೊಳ್ಳುತ್ತಾರೆ.

"ಪಂಪು ಯಾರು ನಿಲ್ಲಿಸಿದ್ರೋ ನನಗ ಗೊತ್ತಿಲ್ರಿ. ಗಾಡಿ ನಿಲ್ಲಿಸಿದ್ದು ನಾನು."