ಅಡಿಷನಲ್ ಶೀಟ್ ಇಲ್ಲದ ಊರಿನಲ್ಲಿ

ಹೆಚ್ಚು ಹೇಳಿದಷ್ಟೂ ತಪ್ಪಾಗುವ ದೇಶಕ್ಕೆ ಬಂದಿದ್ದೇನೆಂದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಸ್ಟರ್ಲಿಂಗ್ ಹೈಟ್ಸ್ ಎಂಬ ಈ ಪರದೇಶದ ಊರಿನ ನಮ್ಮ ಅಡುಗೆಮನೆಯಲ್ಲಿ, ಹೆತ್ತ ಮಗಳ ಬಾಯಿಂದ.

“ಅಮ್ಮಾ, ಮತ್ತೆ ಲಾಂಗೆಸ್ಟ್ ಒನ್ ಟಿಕ್ ಮಾಡಿದೀಯ!” ಎಂದು ಅನಘಾ ಹಣೆ ಚಚ್ಚಿಕೊಂಡಳು.

ನರ್ಸಿಂಗ್ ಕೋರ್ಸಿಗೆ ಸೇರಲು ನಾನು ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ಹೋದ ಸಲ ಇಂಗ್ಲಿಷ್ ವ್ಯಾಕರಣದ ಪ್ರಶ್ನೆಗಳಲ್ಲೇ ಮುಗ್ಗರಿಸಿದ್ದೆ. ಈ ಸಲವೂ ಕೈಕೊಟ್ಟರೆ ಇನ್ನೊಂದು ವರ್ಷ ಕಾಯಬೇಕು. ಗಂಡ ಕಾರಿನ ಬಿಡಿಭಾಗಗಳ ಕಂಪನಿಗೆ, ಮಗಳು ಹೈಸ್ಕೂಲಿಗೆ ಹೋದರೆ ಈ ಸಬ್‌ಡಿವಿಷನ್ನಿನಲ್ಲಿ, ಅಂದರೆ ಒಂದೇ ಅಚ್ಚಿನ ಮನೆಗಳ ಬಡಾವಣೆಯಲ್ಲಿ, ಮಾತಿಗೆ ಒಂದು ನರಪಿಳ್ಳೆ ಸಿಗುವುದಿಲ್ಲ. ಮೈಸೂರಿನಲ್ಲಿ ಕರಿಬೇವು ಕೇಳಲು ಪಕ್ಕದ ಮನೆಗೆ ಹೋಗಿ, ಇತ್ತ ಒಗ್ಗರಣೆ ಸೀದುಹೋಗುವಷ್ಟು ಹೊತ್ತು ಹರಟುತ್ತಿದ್ದವಳು ನಾನು. ಇನ್ನೂ ಒಂದು ವರ್ಷ ಮೈಕ್ರೋವೇವ್ ಜತೆ ಮಾತಾಡಿಕೊಂಡಿರಲು ನನ್ನಿಂದಾಗುತ್ತಿರಲಿಲ್ಲ. ನನಗೆ ಮನುಷ್ಯರು ಬೇಕಿತ್ತು.

ಆ ಪ್ರಶ್ನೆಗಳಲ್ಲಿ ಒಂದೇ ಮಾತನ್ನು ನಾಲ್ಕು ಬಗೆಯಾಗಿ ಬರೆದಿರುತ್ತಾರೆ, ಸರಿಯಾದದ್ದನ್ನು ಆರಿಸಬೇಕು. ‘ಮಳೆಯಿಂದ ಆಟ ನಿಂತಿತು’ ಎನ್ನುವಂಥದ್ದೂ ಇರುತ್ತದೆ, ‘ಮಳೆಯು ಸುರಿಯಿತೆಂಬ ಕಾರಣದ ದೆಸೆಯಿಂದಾಗಿ ಆಟವು ನಿಲ್ಲುವಂತಾಯಿತು’ ಎನ್ನುವಂಥದ್ದೂ ಇರುತ್ತದೆ. ನನ್ನ ಕೈ ತಾನಾಗಿಯೇ ಎರಡನೆಯದಕ್ಕೆ ಹೋಗುತ್ತಿತ್ತು. ಮೊದಲನೆಯದು, ಬನಿಯನ್ನಿನಲ್ಲೇ ಬಂದು ಬಾಗಿಲು ತೆರೆದವರ ಹಾಗೆ ಕಾಣುತ್ತಿತ್ತು.

ತಪ್ಪು ನನ್ನದಲ್ಲ, ಅಡಿಷನಲ್ ಶೀಟಿನದು. ನಮ್ಮ ಕಾಲೇಜಿನ ಪರೀಕ್ಷೆಯಲ್ಲಿ ಮೊದಲ ಬೆಂಚಿನ ಹುಡುಗಿ ಎದ್ದು “ಸಾರ್, ಅಡಿಷನಲ್” ಎಂದು ಹೆಚ್ಚುವರಿ ಹಾಳೆ ಕೇಳಿದರೆ ಉಳಿದವರ ಎದೆ ಧಸಕ್ಕೆನ್ನುತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಬರೆದು, ಗೊತ್ತಿಲ್ಲದ್ದನ್ನು ಪೀಠಿಕೆ ಹಾಕಿ ಬರೆದು, ದಾರದಲ್ಲಿ ಕಟ್ಟಿ ಕೊಟ್ಟರೆ ತೂಕ ನೋಡಿಯೇ ಅಂಕ ಹಾಕುತ್ತಾರೆಂದು ನಂಬಿದ್ದೆವು. ಇದನ್ನೇ ಮಗಳಿಗೂ ಹೇಳಿದೆ.

“ದಾರ? ಲೈಕ್, ಥ್ರೆಡ್?” ಅನಘಾ ಕುರ್ಚಿಯಿಂದ ಬೀಳುವುದೊಂದು ಬಾಕಿ.

“ಹೂಂ ಕಣೇ, ಬಿಳೀ ದಾರ. ರೂಮಲ್ಲೇ ಕೊಡೋರು.”

“ಇಲ್ಲಿ ನೋ ಥ್ರೆಡ್, ಅಮ್ಮಾ. ಜಸ್ಟ್ ಸೇ ಇಟ್.”

ಹೇಳಿ ಸುಮ್ಮನಾಗುವುದು ನನ್ನ ಜಾಯಮಾನದಲ್ಲೇ ಇಲ್ಲ. ಬಂದ ಹೊಸದರಲ್ಲಿ ಅಂಗಡಿಯ ಕೌಂಟರಿನ ಹುಡುಗಿ ‘ಹೌ ಆರ್ ಯೂ’ ಎಂದಾಗ ಮಂಡಿನೋವಿನ ಕತೆಯನ್ನು ಮೊದಲಿನಿಂದ ಹೇಳಿ, ಹಿಂದೆ ಸಾಲು ಬೆಳೆಸಿದ್ದೆ. ಅದು ನಮ್ಮ ‘ಊಟ ಆಯ್ತಾ’ ಇದ್ದ ಹಾಗೆ, ಉತ್ತರ ಯಾರಿಗೂ ಬೇಕಿಲ್ಲ ಎಂದು ತಿಳಿಯಲು ಒಂದು ಚಳಿಗಾಲವೇ ಹಿಡಿಯಿತು.

ಕೊನೆಗೆ ದಾರಿ ತೋರಿಸಿದವಳು ಅನಘಾನೇ. “ಅಮ್ಮಾ, ನನ್ನನ್ನ ಬೈಯೋವಾಗ ನೀನು ಸೂಪರ್ ಶಾರ್ಟ್. ‘ಏಳು. ಹಲ್ಲುಜ್ಜು. ಬಸ್ ಬಂತು.’ ಸೋ, ಯಾವ ಆನ್ಸರಲ್ಲಿ ನನ್ನ ಬೈಬಹುದೋ ಅದನ್ನ ಪಿಕ್ ಮಾಡು.”

ನಗು ಬಂತು, ಆದರೆ ಉಪಾಯ ಫಲಿಸಿತು. ಪರೀಕ್ಷೆಯ ದಿನ ಕಂಪ್ಯೂಟರಿನ ಮುಂದೆ ಕುಳಿತು ಪ್ರಶ್ನೆ ಪ್ರಶ್ನೆಗೂ ಮನಸ್ಸಿನಲ್ಲೇ ಮಗಳನ್ನು ಬೈದೆ. ಪಾಪದ ಹುಡುಗಿ. ಪಾಸಾದೆ. ಕೆಲವು ವಾರಗಳಲ್ಲಿ ಸೀಟೂ ಸಿಕ್ಕಿತು.

ಮೈಸೂರಿಗೆ ಫೋನ್ ಮಾಡಿದೆ. “ಅಕ್ಕಾ, ಪಾಸಾದೆ. ಸೀಟು ಸಿಕ್ತು.”

ಅಕ್ಕ ಮೆಲ್ಲಗೆ, “ಅಷ್ಟೇನಾ? ಯಾಕೇ, ಮನೇಲಿ ಏನಾದ್ರೂ ತೊಂದ್ರೇನಾ? ನನ್ಹತ್ರ ಮುಚ್ಚಿಡ್ಬೇಡ” ಎಂದಳು.

ಇಲ್ಲಿ ಪಾಸಾಗಲು ಕಲಿತ ಮಾತಿನಲ್ಲಿ ಅಕ್ಕನಿಗೆ ಅವಳ ತಂಗಿ ಸಿಕ್ಕಿರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಮೊದಲಿನಿಂದ ಶುರುಮಾಡಿದೆ: “ಪರೀಕ್ಷೆ ದಿನ ಬೆಳಗ್ಗೆ ಎದ್ದು ನೋಡ್ತೀನಿ, ಕಾರಿನ ಮೇಲೆ ಮೊಳದುದ್ದ ಸ್ನೋ...”

ಸೀಟು ಸಿಕ್ಕ ಖುಷಿಗೆ ಐಸ್‌ಕ್ರೀಮ್ ತಿನ್ನಲು ಹೊರಟು ಕೋಟು ತೊಟ್ಟಿದ್ದ ಅನಘಾ ಬಾಗಿಲಲ್ಲಿ ನಿಂತು, ಬೇಗ ಮುಗಿಸು ಎಂದು ಸನ್ನೆ ಮಾಡುತ್ತಿದ್ದಳು. ಫೋನಿನಲ್ಲಿ ಅಕ್ಕ, “ಹೂಂ, ಆಮೇಲೆ?” ಎಂದಳು.