ಹೊಸ್ತಿಲ ಮೇಲೆ ಮೊಣಕಾಲುದ್ದ ನೀರು

ಆ ಭಾನುವಾರ ಬೆಳಿಗ್ಗೆ ಅಪ್ಪ ಜಗುಲಿಯ ಮೇಲೆ ಕೂತು ಬಲೆಯ ಹರಿದ ಕಣ್ಣುಗಳನ್ನು ಸರಿಮಾಡುತ್ತಿದ್ದ. ಅಮ್ಮ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು. ನನ್ನ ಹೆಂಡತಿ ನಮ್ಮ ಏಳು ತಿಂಗಳ ಮಗನಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸಿದ್ದಳು. ನಾನು ಮೆಟ್ಟೂರು ಬಸ್ಸಿನ ಕಂಡಕ್ಟರ್, ಅಂದು ರಜೆ. ಹೇಳಿಕೊಳ್ಳುವಂಥದ್ದು ಏನೂ ಇಲ್ಲದ ಬೆಳಿಗ್ಗೆ. ಅಂಥ ಬೆಳಿಗ್ಗೆ ನಮ್ಮ ಮನೆಗೆ ಮತ್ತೆ ಬಂದಿಲ್ಲ.

ನಮ್ಮೂರು ತಮಿಳು ಸೀಮೆಯಲ್ಲಿ, ಕೊಳತ್ತೂರಿನಿಂದ ಕೆಳಗೆ, ಮೆಟ್ಟೂರು ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿದೆ. ಡ್ಯಾಮ್ ಕಟ್ಟಿದಾಗ ಮುಳುಗಿದ ಹಳೇ ಊರು ನೀರಿನೊಳಗಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದರ ನೆಲ ಬಯಲಾಗುತ್ತದೆ. ನಾವು ಅಲ್ಲಿ ಕಡಲೆಕಾಯಿ, ಎಳ್ಳು ಬಿತ್ತುತ್ತೇವೆ. ಗೋಡೆಗಳು ಎಂದೋ ಕರಗಿಹೋಗಿವೆ. ಅಪ್ಪನ ತಾತ ಹುಟ್ಟಿದ ಮನೆಯದೆಂದು ಉಳಿದಿರುವುದು ಒಂದು ಹೊಸ್ತಿಲ ಕಲ್ಲು, ಅದರ ಒಳಗೆ ನೆಲದಲ್ಲಿ ಹೂತ ಒಂದು ಒರಳು. ಎಲ್ಲೋ ಮೇಲೆ ಮಳೆಯಾಗಿ ಹೊಗೆನಕಲ್ ಕಡೆಯಿಂದ ನೀರು ಇಳಿದರೆ, ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಅದು ಸದ್ದಿಲ್ಲದೆ ಹೊಲದೊಳಕ್ಕೆ ಏರಿ ಬರುತ್ತದೆ. ಹೊಸ್ತಿಲ ಮೇಲೆ ಮೊಣಕಾಲುದ್ದ ನಿಲ್ಲುವುದು ವರ್ಷಕ್ಕೆ ಒಂದೇ ದಿನ. ನಮ್ಮ ಮನೆತನದ ಮಕ್ಕಳನ್ನು ಮೊದಲ ಸಲ ನೀರಿಗೆ ಬಿಡುವುದು ಆ ದಿನ, ಆ ಜಾಗದಲ್ಲಿ. ಹಳೇ ಮನೆಗೆ ತೋರಿಸುವುದು ಎನ್ನುತ್ತಾರೆ. ನನ್ನನ್ನೂ ತೋರಿಸಿದ್ದರಂತೆ.

"ಇವತ್ತು ಹೊಸ್ಲ ಮ್ಯಾಲೆ ಮೊಣಕಾಲುದ್ದ ಐತೆ," ಅಂದ ಅಪ್ಪ. "ಕೂಸ್ನ ಎತ್ಕಳಿ. ಈಜು ಬಿಡೋಣ."

"ಕತ್ತು ನಿಂತೇ ಇನ್ನೂ ಮೂರು ತಿಂಗ್ಳಾಗಿಲ್ಲ, ಅದ್ಕೆ ಈಜಂತೆ," ಅಂದಳು ಅಮ್ಮ. "ಶೀತ ಆದ್ರೆ ಆಸ್ಪತ್ರೇಲಿ ನೀವೇ ಓಗಿ ಕೂತ್ಕಳಿ."

"ನಾಳೆ ಆಳುದ್ದ ಆಯ್ತದೆ. ಆಮ್ಯಾಕೆ ಅಡುತ್ತ ವರ್ಷಂ ತಾನ್, ಬರೋ ವರ್ಸವೇ."

ಅಮ್ಮ ಸೊಸೆಯ ಕಡೆ ತಿರುಗಿದಳು. "ನಲವತ್ತು ವರ್ಸದಿಂದ ನೀರಲ್ಲೇ ಅವ್ರೆ ನಿಮ್ ಮಾವ. ಒಂದು ದೊಡ್ಡ ಮೀನು ಮನೇಗ್ ತಂದಿದ್ದ ನಾ ಕಾಣೆ. ಈಗ ಕೂಸ್ಗೆ ಮೇಷ್ಟ್ರು."

ಅಪ್ಪ ಬಲೆ ಮಡಿಸಿಟ್ಟು ಎದ್ದ. ಅಮ್ಮ ಒಲೆಯ ಮುಂದೆಯೇ ಉಳಿದಳು. ಇಳಿಜಾರಿನಲ್ಲಿ ಹೋಗುತ್ತ ನಮಗೆ ಒಂದು ಮಾತು ಹೇಳಿದ.

"ಅಲ್ಲಿ ಹೋದ್ಮ್ಯಾಲೆ ಯಾರ್ ಹೆಸ್ರೂ ಕೂಗ್ಬ್ಯಾಡಿ. ಮನೆ ಕೇಳಿಸ್ಕಂತದೆ."

"ಕೇಳಿಸ್ಕಂಡ್ರೆ?" ಅಂದೆ.

"ಒಳಕ್ ಕರೀತದೆ. ಮನೆ ಅಂದ್ಮ್ಯಾಲೆ ಕರೀದೆ ಇರ್ತದಾ?" ಅಂದು ನಕ್ಕ. ನಾನೂ ನಕ್ಕೆ.

ಹೆಸರಿನ ವಿಷಯ ಹೇಳಬೇಕು. ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ರೂಢಿ. ನನ್ನ ಮಗನಿಗೂ ಅಪ್ಪನ ಹೆಸರೇ. ಆದರೆ ಅಮ್ಮ ಗಂಡನ ಹೆಸರು ಬಾಯಿಗೆ ತರುವವಳಲ್ಲ. ನನ್ನ ಹೆಂಡತಿ ಮಾವನ ಹೆಸರು ಹೇಳುವವಳಲ್ಲ. ಅಪ್ಪನ ಎದುರಿಗೆ ಆ ಹೆಸರು ಹಿಡಿದು ಮಗನನ್ನು ಕರೆಯಲು ನನಗೂ ನಾಲಗೆ ಹೊರಳುತ್ತಿರಲಿಲ್ಲ. ಹಾಗಾಗಿ ಅವನು ಕೂಸು, ಕಳ್ಳ, ತಮಿಳಿನಲ್ಲಿ ಚಿನ್ನ ಅನ್ನುವ ತಂಗಂ ಎಂದೆಲ್ಲ ಆಗಿದ್ದ. ಹೆಸರಿಟ್ಟ ದಿನ ಕಿವಿಯಲ್ಲಿ ಹೇಳಿದ್ದು ಬಿಟ್ಟರೆ ಅದು ಲಸಿಕೆ ಕಾರ್ಡಿನಲ್ಲಿ ಮಾತ್ರ ಇತ್ತು.

ನೀರು ಬೆಚ್ಚಗಿತ್ತು. ಕಿತ್ತು ಮುಗಿಸದ ಕಡಲೆ ಗಿಡಗಳು ಅದರೊಳಗೆ ಹಸಿರಾಗಿಯೇ ನಿಂತಿದ್ದವು. ಗಾಳಿ ಇರಲಿಲ್ಲ, ಆದರೂ ಎಲ್ಲ ಒಂದೇ ಕಡೆಗೆ ಬಾಗಿದ್ದವು. ಅಪ್ಪ ಮಗುವನ್ನು ಎದೆಗೊತ್ತಿಕೊಂಡು ಇಳಿದು, ಕಾಲಿನಲ್ಲಿ ತಡವಿ ಹೊಸ್ತಿಲನ್ನು ಹುಡುಕಿದ. ಸಿಕ್ಕಿದ ಮೇಲೆ ಅದನ್ನು ತುಳಿಯದೆ ಕಾಲೆತ್ತಿ ದಾಟಿದ. ದಾಟುವಾಗ ತಲೆ ತಗ್ಗಿಸಿದ. ಅಲ್ಲಿ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ.

ಮಗು ಅಳುತ್ತದೆ ಎಂದುಕೊಂಡಿದ್ದೆವು. ಮನೆಯಲ್ಲಿ ಬಿಸಿನೀರು ಹೊಯ್ದರೂ ಊರಿಗೆಲ್ಲ ಕೇಳುವಂತೆ ಅಳುತ್ತಿತ್ತು. ಅಂದು ಅಳಲಿಲ್ಲ. ಅಪ್ಪನ ಅಂಗೈ ಮೇಲೆ ಹೊಟ್ಟೆ ಊರಿ ಎರಡು ಸಲ ಕಪ್ಪೆಯಂತೆ ಕಾಲು ಬಡಿಯಿತು. ಆಮೇಲೆ ಸುಮ್ಮನಾಗಿ ಕೆಳಗೆ ನೋಡತೊಡಗಿತು. ತೊಟ್ಟಿಲ ಮೇಲೆ ಬಾಗಿದ ಮುಖವನ್ನು ಮಕ್ಕಳು ನೋಡುವುದು ಹಾಗೆ. ನೋಡಿ ನಕ್ಕಿತು.

"ಯಾರ್ಲಾ ಅದು, ಮಾತಾಡಿಸ್ತಾವ್ರಾ?" ಅಂದ ಅಪ್ಪ ಅದಕ್ಕೆ.

ದಂಡೆಯಲ್ಲಿ ನನ್ನ ಪಕ್ಕ ಹೆಂಡತಿ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದಳು. "ಮಾಮಾ, ಮೆದುವಾ, ಮೆಲ್ಲಕೆ," ಅನ್ನುತ್ತಲೇ ಇದ್ದಳು.

ಅಪ್ಪ ಮಗುವನ್ನು ಅಂಗಾತ ತಿರುಗಿಸಿ ನೀರಿನ ಮೇಲೆ ಮಲಗಿಸಿದ. ನಿಧಾನವಾಗಿ ಕೈಗಳನ್ನು ಕೆಳಗಿಳಿಸಿದ. ಮಗು ತೇಲಿತು. ಕೈಗಳು ಒಂದು ಗೇಣು ಕೆಳಗೇ ಇದ್ದವು ಎಂದು ಈಗ ಗೊತ್ತು. ಆಗ ನನಗೆ ಕಂಡದ್ದು ಅಷ್ಟು ನೀರಿನ ಮೇಲೆ ಒಂಟಿಯಾಗಿದ್ದ ಮಗು. ಕೂಗಿದೆ. ಅಪ್ಪಾ ಎಂದು ಕೂಗಬೇಕಿತ್ತು. ಬಾಯಿಗೆ ಬಂದದ್ದು ಮಗುವಿನ ಹೆಸರು.

ದಂಡೆ ಅಪ್ಪನ ಎಡಕ್ಕಿತ್ತು, ಆಳ ಬಲಕ್ಕಿತ್ತು. ಅಪ್ಪ ಬಲಕ್ಕೆ ತಿರುಗಿದ. ಮಗುವೂ ಆ ಕಡೆಗೇ ಕತ್ತು ಹೊರಳಿಸಿತು.

"ಬಂದೆ," ಅಂದ ಅಪ್ಪ. ಊಟಕ್ಕೆ ಕರೆದರೆ ಅನ್ನುವ ಹಾಗೆ.

ಮಗುವನ್ನು ಎತ್ತಿಕೊಂಡು ದಂಡೆಗೆ ಬಂದ. ಮನೆಗೆ ಬಂದು ಎರಡು ಮುದ್ದೆ ತಿಂದ. ಕೈ ತೊಳೆಯುವಾಗ ಕೇಳಿದ: "ಯಾರ್ಲಾ ಅದು ಕೂಗಿದ್ದು?"

"ನಾನೇ."

"ನೀನ್ ಈ ಕಡೆ ಇದ್ದೆ," ಅಂದ.

ಮರುದಿನ ಬೆಳಗಾಗುತ್ತಲೇ ಪರಿಸಲು, ಅಂದರೆ ಮೀನು ಹಿಡಿಯುವ ತನ್ನ ಹರಿಗೋಲು, ತೆಗೆದುಕೊಂಡು ಹೋದ. ಅಷ್ಟು ಹೊತ್ತಿಗೆ ಹೊಸ್ತಿಲ ಮೇಲೆ ಆಳುದ್ದ ನೀರಿತ್ತು. ಮಧ್ಯಾಹ್ನ ಬೇರೆ ಮೀನಿನವರಿಗೆ ಪರಿಸಲು ಕಂಡಿತು. ಹರಿವಿನ ಜೊತೆ ಸಾಗಿ ಹೋಗಿರಬೇಕಿತ್ತು. ನಮ್ಮ ಹಳೇ ಮನೆಯ ಮೇಲೆಯೇ ನಿಂತಿತ್ತಂತೆ. ಬಲೆ ಮಡಿಸಿದ ಹಾಗೇ ಒಣಗಿತ್ತು. ಅಪ್ಪನ ಚಪ್ಪಲಿಗಳು ಒಳಗಿದ್ದವು, ಬಾಗಿಲ ಹೊರಗೆ ಬಿಡುವ ಹಾಗೆ ಪಕ್ಕಪಕ್ಕದಲ್ಲಿ.

ಅಗ್ನಿಶಾಮಕದವರು ನಾಲ್ಕು ದಿನ ಹುಡುಕಿದರು. ಹೊಗೆನಕಲ್‌ನ ಪರಿಸಲಿನವರೂ ಬಂದರು. ಮೂರನೇ ದಿನ ತೇಲಬೇಕು ಎಂದರು. ತೇಲಲಿಲ್ಲ. ನೀರು ಏರುತ್ತಲೇ ಇತ್ತು.

ಎದೆನೋವು ಬಂದಿರಬಹುದು, ಆಯ ತಪ್ಪಿ ಬಿದ್ದಿರಬಹುದು. ಕೇಳಿದವರಿಗೆ ಹಾಗೆಯೇ ಹೇಳಿದೆ. ಒಂದು ವರ್ಷದವರೆಗೆ ಅಮ್ಮನಿಗೆ ಕೂಗಿದ ಸಂಗತಿ ಹೇಳಿರಲಿಲ್ಲ. ಹೇಳಿದಾಗ ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನೀ ಕೂಗಿದ್ಕಲ್ಲ ಕಣ್ಲಾ," ಅಂದಳು. ಇನ್ನೊಂದಷ್ಟು ಕಾಯಿ ಸುಲಿದು, "ಆದ್ರೂ ಕೂಗ್ಬಾರ್ದಿತ್ತು," ಅಂದಳು.

ಅವಳು ಕುಂಕುಮ ಅಳಿಸಿಲ್ಲ, ತಾಳಿ ತೆಗೆದಿಲ್ಲ. ಊರಿನ ಹೆಂಗಸರು ಬಂದು ಹೇಳಿ ನೋಡಿದರು. "ಕಣ್ಣಿಗ್ ಕಾಣಿಸ್ಲಿ, ಆಮ್ಯಾಕೆ ತೆಗೀತೀನಿ," ಅನ್ನುತ್ತಾಳೆ. ಹಾಗಾಗಿ ತಿಥಿಯೂ ಆಗಿಲ್ಲ.

ವಿಡಿಯೋ ಹೆಂಡತಿಯ ಫೋನಿನಲ್ಲಿದೆ. ಅವಳು ನೋಡುವುದಿಲ್ಲ, ನಾನು ನೋಡುತ್ತೇನೆ. ನನ್ನ ಕೂಗು ಇದೆ, ಅಪ್ಪನ ಮಾತು ಇದೆ. ಅವೆರಡರ ನಡುವೆ ಅಪ್ಪ ಕಿವಿಗೊಟ್ಟು ನಿಂತಿರುವುದು ಕಾಣುತ್ತದೆ. ನನ್ನ ಕೂಗು ಮುಗಿದ ಮೇಲೂ ಅವನು ಕೇಳಿಸಿಕೊಳ್ಳುತ್ತಲೇ ಇದ್ದಾನೆ.

ಮಗನಿಗೆ ಈಗ ಮೂರು ವರ್ಷ. ನೀರಿನ ಹತ್ತಿರ ಅವನನ್ನು ಬಿಡುವುದಿಲ್ಲ. ಬಾಲವಾಡಿಗೆ ಸೇರಿಸಿದ್ದೇವೆ, ಅವನ ಹೆಸರನ್ನು ಜೋರಾಗಿ ಕರೆಯುವವರು ಅಲ್ಲಿನ ಟೀಚರಮ್ಮ ಒಬ್ಬರೇ. ಕರೆದರೆ ತನ್ನ ಕಡೆ ನೋಡುವುದಿಲ್ಲ, ಕಿಟಕಿಯ ಕಡೆ ನೋಡುತ್ತಾನೆ ಎಂದು ಅವರು ತಮಿಳಿನಲ್ಲಿ ದೂರು ಹೇಳಿದರು. ಆ ಕಿಟಕಿ ಡ್ಯಾಮಿನ ಕಡೆಗಿದೆ.

ಈ ಬೇಸಿಗೆಯಲ್ಲಿ ನೀರು ತುಂಬ ದೂರ ಸರಿಯಿತು. ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಗುದ್ದಲಿ ಹಿಡಿದು ಇಳಿದು ಹೋದೆ. ಕೆಸರು ಬಿರುಕು ಬಿಟ್ಟಿತ್ತು. ಹೊಸ್ತಿಲು ಅಲ್ಲೇ ಇತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒರಳಿನೊಳಗಿನ ಹೂಳನ್ನು ಕೈಯಲ್ಲಿ ತೋಡಿ ತೆಗೆದೆ. ಬಸವನಹುಳುವಿನ ಚಿಪ್ಪುಗಳು ಸಿಕ್ಕವು. ಸುತ್ತ ನಾಲ್ಕು ಕಡೆ ಗುದ್ದಲಿ ಹಾಕಿದೆ. ಅಪ್ಪನ ಹೆಸರು ಕೂಗಿ ನೋಡೋಣ ಎನ್ನಿಸಿತು. ಕೂಗಲಿಲ್ಲ.

ಪರಿಸಲು ಹಿತ್ತಲಲ್ಲಿ ಬೋರಲು ಬಿದ್ದಿದೆ. ಬಲೆ ಗೂಟದಲ್ಲಿದೆ. ಚಪ್ಪಲಿಗಳನ್ನು ಅಮ್ಮ ಬಾಗಿಲ ಹೊರಗೇ ಇಟ್ಟಿದ್ದಾಳೆ. ಅಪ್ಪನ ದೇಹ ಇನ್ನೂ ಸಿಕ್ಕಿಲ್ಲ.