ಆ ಬೂದು ಕಾರಿನ ಎಂಜಿನ್ ಚೆನ್ನಾಗಿತ್ತು

ಸುಜಾತ, ಆ ಬೂದು ಬಣ್ಣದ ಕಾರಿನ ಎಂಜಿನ್‌ನಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಸುಳ್ಳು ಹೇಳಿದೆ. ನಿನ್ನ ಒಡಹುಟ್ಟಿದ ಅಣ್ಣ, ಕುಂಬಾರಕೊಪ್ಪಲಿನಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜು ಇಟ್ಟುಕೊಂಡವನು, ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ — ಏಳು ವರ್ಷವಾಯಿತು, ಇವತ್ತಿಗೂ ನಿನಗೆ ಗೊತ್ತಿಲ್ಲ.

ಮೊದಲು ನನ್ನ ಹೆಮ್ಮೆಯ ಮಾತು ಹೇಳಿಬಿಡುತ್ತೇನೆ. ಅದಿಲ್ಲದೆ ಈ ತಪ್ಪು ಅರ್ಥವಾಗುವುದಿಲ್ಲ. ಹಳೇ ಕಾರು ಕೊಳ್ಳುವವರು ಊರಿನ ಆ ತುದಿಯ ಅಶೋಕಪುರಂನಿಂದಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದರೆ ಸಾಕು, ಒಳಗಿನ ಸವಕಳಿಯೆಲ್ಲ ನನಗೆ ತಿಳಿಯುತ್ತದೆ. ನಾನು ಬೇಡವೆಂದ ಗಾಡಿ ಕೊಂಡವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಸರಿ ಎಂದದ್ದನ್ನು ಕೊಂಡವರು ಮಗಳ ಮದುವೆಗೂ ಅದರಲ್ಲೇ ಓಡಾಡಿದ್ದಾರೆ. ಇದು ಜಂಬವಲ್ಲ — ಹೋಗಲಿ, ಜಂಬವೇ ಇರಲಿ.

ಇನ್ನೊಂದು ಹೆಮ್ಮೆ ನೀನು. ಹನ್ನೆರಡಕ್ಕೇ ನನ್ನ ಭುಜ ದಾಟಿದವಳು, ಹದಿನೈದಕ್ಕೆ ತಲೆಯನ್ನೂ ದಾಟಿದೆ. ಆರಡಿಗೆ ಒಂದೇ ಇಂಚು ಕಡಿಮೆ. ವಾಲಿಬಾಲ್ ಆಡಿ ಆಡಿಯೇ ನಂಜನಗೂಡಿನ ಶಾಲೆಯಲ್ಲಿ ಪಿ.ಟಿ. ಮೇಡಂ ಆದೆ. ಐದಡಿ ಎರಡಿಂಚಿನ ನಾನು ನಿನ್ನ ಪಕ್ಕದಲ್ಲಿ ಎದೆ ಉಬ್ಬಿಸಿಯೇ ನಡೆದಿದ್ದೇನೆ. ಆದರೆ ಆ ಹೆಮ್ಮೆಯ ಅಡಿಯಲ್ಲಿ ಒಂದು ಮುಳ್ಳಿತ್ತು — ಅದನ್ನು ಯಾರಿಗೂ ತೋರಿಸಿರಲಿಲ್ಲ, ನಾನೂ ನೋಡಿರಲಿಲ್ಲ.

ದಿನವೂ ಶಾಲೆಗೆ ಹೋಗಿಬರಲು ಒಂದು ಸೆಕೆಂಡ್‌ಹ್ಯಾಂಡ್ ಕಾರು ನೋಡಿಕೊಡು ಎಂದು ನೀನು ಕೇಳಿದ್ದು ನೆನಪಿದೆಯಾ?

"ನಂಗೆ ಎಲ್ಡೇ ಆಸೆ ಕಣಣ್ಣ. ಗಾಡಿ ದಾರೀಲಿ ನಿಲ್ಬಾರ್ದು, ತಲೆ ಮೇಲಕ್ಕೆ ತಗುಲ್ಬಾರ್ದು."

ಬ್ರೋಕರ್ ಎರಡು ಕಾರು ತೋರಿಸಿದ. ಎರಡೂ ನಿನ್ನ ಕೈಗೆಟುಕುವಂಥವೇ. ಬೂದು ಬಣ್ಣದ್ದು ಎತ್ತರದ ಚಾವಣಿಯದು. ನೀನು ಪಕ್ಕದ ಸೀಟಿನಲ್ಲಿ ಕೂತು, ತಲೆಯ ಮೇಲೆ ಕೈ ಆಡಿಸಿ, "ಇನ್ನೂ ನಾಕ್ ಬೆಳ್ಳು ಜಾಗ ಅದೆ!" ಎಂದು ಮಗುವಿನ ಹಾಗೆ ಕುಣಿದೆ. ಎಂಜಿನ್ನೂ ಹಾಗೇ — ಅಂಥ ಹದವಾದ ಸದ್ದು ನಾನು ಕೇಳಿದ್ದೇ ಅಪರೂಪ. ಒಂದು ಸುತ್ತು ಓಡಿಸಿ ನೋಡೋಣವೆಂದು ಡ್ರೈವರ್ ಸೀಟಿಗೆ ಹತ್ತಿದೆ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದರೂ ನನಗೆ ದಾರಿ ಸರಿಯಾಗಿ ಕಾಣಲಿಲ್ಲ. ಬ್ರೋಕರ್ ಒಳಗೆ ಹೋಗಿ ಒಂದು ದಿಂಬು ತಂದ.

"ಇದುನ್ನ ಆಕ್ಕೊಳಿ ಸ್ವಾಮಿ. ಅಕ್ಕಾವ್ರು ಓಡ್ಸುದ್ರೇ ಈ ಗಾಡಿಗೊಂದು ಕಳೆ, ಬುಡಿ."

ನೀನು ನಕ್ಕೆ. ಹೀಯಾಳಿಸಿ ನಕ್ಕದ್ದಲ್ಲ, ಬಲ್ಲೆ. ಆದರೆ ಆ ಮುಳ್ಳು ಆಗಲೇ ಚುಚ್ಚಿತ್ತು. ನಾನು ಕೆಳಗಿಳಿದೆ. ಬಾನೆಟ್ ಎತ್ತಿಸಿ, ಇನ್ನೊಮ್ಮೆ ಸ್ಕ್ರೂಡ್ರೈವರ್ ಕಿವಿಗಿಟ್ಟೆ —

"ಬೇರಿಂಗ್ ಸವ್ದದೆ ಕಣವ್ವ. ವರ್ಷದೊಳ್ಗೆ ಎಂಜಿನ್ ಇಳಿಸ್ಬೇಕಾಯ್ತದೆ. ಇದು ಬ್ಯಾಡ."

ಬ್ರೋಕರ್ ಏನೋ ಹೇಳಲು ಬಾಯಿ ತೆರೆದ. ನೀನೇ ಅವನನ್ನು ತಡೆದೆ: "ನಮ್ಮಣ್ಣ ಬ್ಯಾಡ ಅಂದ್ಮೇಲೆ ಮುಗೀತು ಕಣ್ರೀ."

ಉಳಿದದ್ದು ಬಿಳಿ ಕಾರು. ಎಂಜಿನ್ ಗಟ್ಟಿ, ಚಾವಣಿ ತಗ್ಗು. ನನಗೆ ಹೇಳಿ ಮಾಡಿಸಿದಂತಿತ್ತು. ನಿನ್ನನ್ನು ಅದರಲ್ಲಿ ಕೂರಿಸಿದ್ದರೆ ನನ್ನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಪೂಜೆಯಾಗುವ ಮುಂಚೆ ಗಾಡಿಯ ಒಡತಿ ಸ್ಟೇರಿಂಗ್ ಮುಟ್ಟಬಾರದು ಎಂದು ಅಮ್ಮ ಹೇಳುತ್ತಿದ್ದಳಲ್ಲ — ಆ ಶಾಸ್ತ್ರವನ್ನೇ ಮುಂದೆ ಮಾಡಿದೆ. ಹೂವು, ನಿಂಬೆಹಣ್ಣು ತಗೊಂಡು ಬಾ ಎಂದು ನಿನ್ನನ್ನು ದೇವರಾಜ ಮೊಹಲ್ಲಾದ ಮಾರುಕಟ್ಟೆಗೆ ಅಟ್ಟಿ, ನೀನು ಬರುವಷ್ಟರಲ್ಲಿ ವ್ಯಾಪಾರ ಮುಗಿಸಿಬಿಟ್ಟೆ. ಸತ್ತುಹೋದ ತಾಯಿಯ ಮಾತನ್ನೂ ಸುಳ್ಳಿಗೆ ಬಳಸದೆ ಬಿಡಲಿಲ್ಲ ನಾನು.

ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣಿಟ್ಟ ಮೇಲೆ ನೀನು ಒಳಗೆ ಕೂತೆ. ತುರುಬು ಚಾವಣಿಗೆ ತಗುಲಿತು. ಕತ್ತನ್ನು ಒಂದಿಷ್ಟು ವಾಲಿಸಿ, "ಸೀಟು ಹಿಂದಕ್ಕೆ ಹಾಕುದ್ರೆ ಸರಿಯಾಯ್ತದೆ ಬುಡಣ್ಣ" ಎಂದೆ.

ಸರಿಯಾಗಲಿಲ್ಲ. ಏಳು ವರ್ಷ ನೀನು ಕತ್ತು ವಾಲಿಸಿಕೊಂಡೇ ಓಡಿಸಿದೆ. ಹೂವು ನಲುಗುತ್ತದೆಂದು ಮಲ್ಲಿಗೆ ಮುಡಿಯುವುದನ್ನೇ ಬಿಟ್ಟು, ದಿನದ ಮೊಳ ಹೂವನ್ನು ಗಾಡಿಯ ಕನ್ನಡಿಗೆ ಸುತ್ತತೊಡಗಿದೆ. ಗಾಡಿ ಮಾತ್ರ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ — ನಾನು ಆರಿಸಿದ ಗಾಡಿ! ಹೇಳಿಕೊಳ್ಳಲು ಈಗಲೂ ನಾಲಿಗೆ ತುರಿಸುತ್ತದೆ. ನೀನಂತೂ ಕಂಡವರಿಗೆಲ್ಲ ಹೇಳುತ್ತೀಯ, ನಮ್ಮಣ್ಣ ನೋಡಿ ಕೊಡಿಸಿದ್ದು ಎಂದು. ಆಗೆಲ್ಲ ನಾನು ಬೀಗುತ್ತಿದ್ದೆ. ಆಮೇಲೆ ಆ ಕನ್ನಡಿಯ ಹೂವಿನ ಕಡೆ ನೋಡಲಾಗದೆ...

ಹೋದ ವಾರ ನೀನು ಕತ್ತಿಗೆ ಪಟ್ಟಿ ಕಟ್ಟಿಕೊಂಡು ಗ್ಯಾರೇಜಿಗೆ ಬಂದೆ. ಮೂಳೆ ಸವೆದಿದೆ, ಇನ್ನು ಈ ಕಾರು ಓಡಿಸಬೇಡಿ ಎಂದು ಡಾಕ್ಟರು ಹೇಳಿದರಂತೆ. ಬಾನೆಟ್ ಸವರುತ್ತಾ ನೀನೆಂದೆ:

"ಗಾಡೀದೇನೂ ತಪ್ಪಿಲ್ಲ ಕಣಣ್ಣ. ನನ್ನ ಎತ್ತರದ್ದೇ ತಪ್ಪು."

ಹುಟ್ಟಿದಾಗಿನಿಂದ ತಲೆ ಎತ್ತಿ ನಡೆದವಳ ಬಾಯಲ್ಲಿ ಆ ಮಾತು. ನಾನು ಸ್ಪ್ಯಾನರ್ ಒರೆಸುತ್ತಾ ನಿಂತಿದ್ದೆ.

ನಿನ್ನ ಎತ್ತರದ್ದು ತಪ್ಪಲ್ಲ, ಸುಜಾತ. ತಪ್ಪು ನನ್ನದು, ಪೂರ್ತಿ ನನ್ನದು. ಭಾನುವಾರ ಬೇರೆ ಗಾಡಿ ನೋಡಲು ಹೋಗೋಣ ಎಂದಿದ್ದೀಯ. ಅದಕ್ಕೆ ಮುಂಚೆ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ತುರುಬು ಕಟ್ಟಿ, ಮಲ್ಲಿಗೆ ಮುಡಿದುಕೊಂಡೇ ಹೋಗು. ಮೊದಲು ಸ್ಟೇರಿಂಗ್ ಮುಂದೆ ನೀನು ಕೂತು ನೋಡು. ಹೂವು ಚಾವಣಿಗೆ ತಗುಲಿತೋ, ಎಂಥ ಒಳ್ಳೆಯ ಎಂಜಿನ್ ಆದರೂ ಇಳಿದು ಬಾ. ತಗುಲದಿದ್ದರೆ ಎಂಜಿನ್ ಸದ್ದು ಕೇಳಿಸು — ಕೇಳಲು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು. ಈ ಊರಿನಲ್ಲಿ ನನಗಿಂತ ಚೆನ್ನಾಗಿ ಕೇಳುವವರಿಲ್ಲ. ಆದರೂ ಬೇರೆಯವರನ್ನೇ ಕರೆದುಕೊಂಡು ಹೋಗು.